ರೋರಸ್‌ನ ತಾಮ್ರ, ಟ್ರಾಂಡ್‌ಹೈಮ್‌ನ ಬಡವರು

ಥಾಮಸ್ ಆಂಗೆಲ್ ಅಂತ ನಾರ್ವೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. 1692ರಲ್ಲಿ ಟ್ರಾಂಡ್‌ಹೈಮ್‌ನಲ್ಲಿ ಹುಟ್ಟಿ, 1767ರಲ್ಲಿ ಅಲ್ಲೇ ತೀರಿಕೊಂಡ. ಮದುವೆ ಆಗಲಿಲ್ಲ. ಉಯಿಲು ಬರೆದು ಆಸ್ತಿಯ ಬಹುಪಾಲನ್ನು ಊರಿನ ಬಡವರಿಗೆ ಬಿಟ್ಟ. ಇಷ್ಟೇ ಆಗಿದ್ದರೆ ನಾನು ಸುಮ್ನೆ ಓದಿ ಮುಂದೆ ಹೋಗ್ತಿದ್ದೆ, ದಾನ ಮಾಡಿದವರು ನಮ್ಮಲ್ಲೂ ಬೇಕಾದಷ್ಟಿದ್ದಾರೆ. ನನ್ನ ತಲೆ ತಿಂದದ್ದು ಆ ದುಡ್ಡು ಎಲ್ಲಿಂದ ಬಂತು ಅನ್ನೋದು.

ಅಪ್ಪನ ಕಾಲಕ್ಕೇ ಸಿರಿವಂತ ಮನೆ. ಮರ, ಮೀನು ಎಲ್ಲದರ ವ್ಯಾಪಾರವೂ ಇತ್ತು. ಜಾಸ್ತಿ ಲಾಭ ತಂದದ್ದು ಮಾತ್ರ ತಾಮ್ರ. ಟ್ರಾಂಡ್‌ಹೈಮ್‌ನಿಂದ ಒಳನಾಡಿಗೆ ಹೋದರೆ, ಎತ್ತರದ ಬಯಲಲ್ಲಿ ರೋರಸ್ ಅಂತ ಒಂದು ಊರಿದೆ. ಅಲ್ಲಿ 1644ರಲ್ಲಿ ತಾಮ್ರದ ಗಣಿ ಶುರುವಾಯಿತು. ಅದರ ಪಾಲುದಾರರಲ್ಲಿ ಹೆಚ್ಚಿನವರು ಟ್ರಾಂಡ್‌ಹೈಮ್‌ನ ಸಾಹುಕಾರರು, ಆಂಗೆಲ್ ಅವರಲ್ಲಿ ದೊಡ್ಡ ಕುಳ.

ಆ ಗಣಿಯ ಕೆಲಸ ಹೇಗಿತ್ತು ಅಂತ ಕೇಳಿ. ಬಂಡೆಯ ಬುಡಕ್ಕೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕೋದು, ರಾತ್ರಿಯಿಡೀ ಉರಿಸೋದು, ಕಲ್ಲು ಕಾದು ಬಿರುಕು ಬಿಟ್ಟ ಮೇಲೆ ಆ ಹೊಗೆಯಲ್ಲೇ ಒಳಗೆ ಹೋಗಿ ಸುತ್ತಿಗೆ, ಹಾರೆ ಹಿಡಿದು ಅದಿರು ಕೀಳೋದು. ಆಮೇಲೆ ಆ ಅದಿರನ್ನು ಸುಡಬೇಕು, ಗಂಧಕದ ಹೊಗೆ ಊರ ಮೇಲೆಲ್ಲ ಹಬ್ಬುತ್ತಿತ್ತು. ಕರಗಿಸಲು ಇದ್ದಿಲು ಬೇಕಲ್ಲ, ಅದಕ್ಕೆ ಸುತ್ತಲಿನ ಕಾಡು ಬೋಳಾಯಿತು. ಚಳಿಯೋ, ಕೇಳಲೇಬೇಡಿ. ಅಲ್ಲಿ ಮೈನಸ್ 50 ಡಿಗ್ರಿವರೆಗೂ ಇಳಿದದ್ದಿದೆ. ನಮಗೆ ಮಳೆಗಾಲ ಬಂದರೆ ಕೆಲಸ ನಿಲ್ಲುತ್ತದೆ, ಅವರಿಗೆ ಹಿಮ ಬಿದ್ದ ಮೇಲೇ ದಾರಿ ತೆರೆಯುವುದು: ಹೆಪ್ಪುಗಟ್ಟಿದ ಕೆರೆಗಳ ಮೇಲೆ ಕುದುರೆ ಕಟ್ಟಿದ ಜಾರುಬಂಡಿಯಲ್ಲಿ ತಾಮ್ರ ಸಾಗುತ್ತಿತ್ತು.

ಹೀಗೆ ಬಂದ ಹಣ ಹೋಗಿದ್ದು ಟ್ರಾಂಡ್‌ಹೈಮ್‌ನ ಬಡವರಿಗೆ. ರೋರಸ್‌ನವರಿಗಲ್ಲ.

ಇದು ನನಗೆ ಯಾಕೆ ಚುಚ್ಚಿತು ಅಂದರೆ, ನಾನು ಅಂಕೋಲೆಯವನು. ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಅರಬೈಲು ಘಾಟಿ ಇಳಿದು ಬೇಲೇಕೇರಿ ಬಂದರಿಗೆ ಸಾಲುಗಟ್ಟಿ ಬರುತ್ತಿದ್ದ ವರ್ಷಗಳನ್ನು ನೋಡಿದ್ದೇನೆ. ರಸ್ತೆ ಬದಿಯ ಮರಗಳೆಲ್ಲ ಕೆಂಪು. ಹೊರಗೆ ಒಣಹಾಕಿದ ಬಿಳಿ ಪಂಚೆಯನ್ನು ಎರಡು ಸಲ ಒಗೆಯಬೇಕು. ಗೂಡಂಗಡಿಯಲ್ಲಿ ತೂಗುಹಾಕಿದ ಬಾಳೆಗೊನೆಯನ್ನು ಒರೆಸಿ ಕೊಡುತ್ತಿದ್ದರು. ಅದಿರು ಹೋಯಿತು, ಹಣ ಎಲ್ಲೋ ಹೋಯಿತು, ಧೂಳು ಮಾತ್ರ ನಮಗೆ.

ಆದರೆ ಆಂಗೆಲ್‌ನನ್ನು ಅಷ್ಟಕ್ಕೇ ತಳ್ಳಿಹಾಕೋದೂ ಸರಿಯಲ್ಲ. ಅವನು ಬಿಟ್ಟುಹೋದ ಆಸ್ತಿ ದತ್ತಿಯಾಗಿ ನಿಂತಿತು. ಒಂದು ದೊಡ್ಡ ಊಟ ಹಾಕಿಸಿ, ಗೋಡೆಗೆ ಹೆಸರಿನ ಕಲ್ಲು ಕೂರಿಸಿ ಮುಗಿಸುವ ದಾನದ ಥರ ಅಲ್ಲ. ಅವನು ಸತ್ತ ಕೆಲವೇ ವರ್ಷಗಳಲ್ಲಿ, ಊರಿನ ದೊಡ್ಡ ಚರ್ಚಿನ ಹತ್ತಿರವೇ ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದು ವಸತಿಗೃಹ ಎದ್ದಿತು. ಅದು ಇವತ್ತಿಗೂ ಅವನ ಹೆಸರಲ್ಲೇ ಇದೆ. 1777ರಲ್ಲಿ ಊರಿಗೆ ನೀರಿನ ವ್ಯವಸ್ಥೆ ಬಂದದ್ದೂ ಈ ದತ್ತಿಯ ಹಣದಿಂದ. ರೋರಸ್ ಗಣಿ ಕಂಪನಿ 1977ರಲ್ಲಿ ದಿವಾಳಿಯಾಗಿ ಬಾಗಿಲು ಹಾಕಿತು. ದತ್ತಿ ಇನ್ನೂ ನಡೀತಾ ಇದೆ.

ಅವನು ಉಯಿಲು ಬಿಟ್ಟು ಸಾಯುವ ಹೊತ್ತಿಗೆ ಇತ್ತ ಹೈದರಾಲಿ ಬಿದನೂರು ಗೆದ್ದಾಗಿತ್ತು, ಸೋದೆ ಅರಸರು ಗೋವೆಗೆ ಓಡಿಹೋಗಿದ್ದರು. ಆಗಿನ ನಮ್ಮ ಸಾಹುಕಾರರ ಹಣ ಯಾವುದಾದರೂ ಇವತ್ತಿಗೂ ಬಡವರಿಗೆ ಸಿಗ್ತಾ ಇದೆಯಾ? ನನಗಂತೂ ಒಂದೂ ನೆನಪಾಗ್ತಿಲ್ಲ, ಗೊತ್ತಿದ್ದವರು ಹೇಳಿ.

ನಮ್ಮ ಕಾಲಕ್ಕೆ ಬಂದರೆ ದಿನಕರ ದೇಸಾಯಿಯವರು ಇದ್ದರು. ಗಣಿಯ ಪಾಲೂ ಇಲ್ಲ, ಹಡಗೂ ಇಲ್ಲ. ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ, ಜಿಲ್ಲೆಯ ಹಳ್ಳಿಗಳಲ್ಲಿ ಶಾಲೆ ತೆರೆದರು. ಇಲ್ಲಿನ ಎಷ್ಟೋ ಮನೆಗಳಲ್ಲಿ ಮೊದಲು ಹೈಸ್ಕೂಲ್ ಮೆಟ್ಟಿಲು ಹತ್ತಿದವರು ಆ ಶಾಲೆಗಳ ಮಕ್ಕಳೇ. ಬೇಲೇಕೇರಿಯಿಂದ ಹೋದ ಅದಿರಿನ ದುಡ್ಡಲ್ಲಿ ಅಂಥ ಒಂದೇ ಒಂದು ಶಾಲೆ ಎದ್ದಿದ್ದರೂ ಆಂಗೆಲ್ ವಿಷಯದಲ್ಲಿ ನಾನು ಇಷ್ಟು ಜಗಳ ತೆಗೀತಿರಲಿಲ್ಲ.