ಗೆರೆ ನಂಬಿ ಕೆಟ್ಟೆ

ಮೂರು ತಿಂಗಳಿಂದ ನಮ್ ಗರಾಜಲ್ಲಿ ನಡೀತಿದ್ದ ಕಥೆ ಹೋದ ಶನಿವಾರ ಮುಗೀತು, ಬರೆದಿಟ್ಬಿಡ್ತೀನಿ, ಇಲ್ಲಾಂದ್ರೆ ಮುಂದಿನ್ಸಲಕ್ಕೆ ನಾನೇ ಮರ್ತಿರ್ತೀನಿ.

ಗಾಡಿ 1970ರ ಶೆವರ್ಲೆ ಶೆವೆಲ್ ಮ್ಯಾಲಿಬು. 350 ಸ್ಮಾಲ್ ಬ್ಲಾಕ್, ಅಂದ್ರೆ 5.7 ಲೀಟರ್ ವಿ8, ಪ್ಲಗ್ಗುಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರಲ್ಲಿ ಇನ್ನೂ ಪಾಯಿಂಟೇ (ಕಿಡಿ ಬೀಳ್ಸೋ ಹಳೇ ಕಾಲದ ಸ್ವಿಚ್) ಇದೆ. ಎಸ್‌ಎಸ್ (ಇದೇ ಕಾರಿನ ಜಾಸ್ತಿ ಪವರಿನ ಮಾಡೆಲ್) ಅಲ್ಲ, ಹಾಗಾಗಿ ಇದು ಮಸಲ್ ಕಾರೇ ಅಲ್ಲ ಅನ್ನೋರು ಈ ಡೆಟ್ರಾಯ್ಟ್ ಸುತ್ತಮುತ್ತ ಬೇಕಾದಷ್ಟು ಜನ ಇದಾರೆ, ಆಗಸ್ಟಲ್ಲಿ ವುಡ್‌ವರ್ಡ್ ಅವೆನ್ಯೂನಲ್ಲಿ ಡ್ರೀಮ್ ಕ್ರೂಸ್ (ಹಳೇ ಕಾರುಗಳ ಮೆರವಣಿಗೆ) ದಿನ ನಿಲ್ಸಿದ್ರೆ ಹತ್ರ ಬಂದು ಬ್ಯಾಡ್ಜ್ ನೋಡಿ ಸುಮ್ನೆ ಹೊರಟೋಗ್ತಾರೆ. ಹೋಗ್ಲಿ ಬಿಡಿ.

ತೊಂದ್ರೆ ಏನಂದ್ರೆ ಗಾಡಿಗೆ ಜೀವಾನೇ ಇರ್ಲಿಲ್ಲ. ಆಕ್ಸಿಲರೇಟರ್ ತುಳಿದ್ರೆ ಸದ್ದು ಜಾಸ್ತಿ ಆಗ್ತಿತ್ತೇ ಹೊರತು ಓಟ ಇಲ್ಲ, ಸಿಗ್ನಲ್ಲಲ್ಲಿ ನಿಂತ್ರೆ ಟೆಂಪರೇಚರ್ ಮುಳ್ಳು ಮೇಲಕ್ಕೆ. ನಾನು ಕಾರ್ಬ್ಯುರೇಟರ್ ಮೇಲೆ ಅನುಮಾನ ಪಟ್ಟು ಎರಡ್ಸಲ ಬಿಚ್ಚಿ ಕ್ಲೀನ್ ಮಾಡಿ ಜೋಡಿಸ್ದೆ, ಜೆಟ್ ಬದಲಾಯಿಸ್ದೆ, ಮನೆಯೆಲ್ಲಾ ಪೆಟ್ರೋಲ್ ವಾಸನೆ ಅಂತ ಹೆಂಡ್ತಿ ಹತ್ರ ಬೈಸ್ಕೊಂಡೆ. ಟೈಮಿಂಗ್ (ಪಿಸ್ಟನ್ ಮೇಲಕ್ಕೆ ಮುಟ್ಟೋಕೆ ಎಷ್ಟು ಡಿಗ್ರಿ ಮೊದಲು ಕಿಡಿ ಬೀಳ್ಬೇಕು ಅನ್ನೋದು) ಬಗ್ಗೆ ಯೋಚ್ನೆನೇ ಬರ್ಲಿಲ್ಲ, ಯಾಕಂದ್ರೆ ಅದನ್ನ ಮೊದಲ ದಿನವೇ ಕಿಡಿ ಬಿದ್ದಾಗೆಲ್ಲಾ ಮಿನುಗೋ ಟೈಮಿಂಗ್ ಲೈಟ್ ಹಿಡಿದು ಐಡಲಲ್ಲಿ 8 ಡಿಗ್ರಿಗೆ ಇಟ್ಟಿದ್ದೆ, ಇಂಜಿನ್ ಮುಂದಿನ ಚಕ್ರದ ಮೇಲಿನ ಗೆರೆ ಪಕ್ಕದ ಅಳತೆಪಟ್ಟಿಯಲ್ಲಿ (ಟ್ಯಾಬ್) ಸರಿಯಾಗಿ 8ರಲ್ಲೇ ನಿಂತಿತ್ತು, ಇನ್ನೇನು ಬೇಕು.

ಒಂದಿನ ಪಕ್ಕದ್ಮನೆ ತಾತ ಬಂದು ನೋಡ್ಕೊಂಡು ನಿಂತಿದ್ರು. ನಲವತ್ತು ವರ್ಷ ಟೂಲ್ ರೂಮಲ್ಲಿ ಕೆಲಸ ಮಾಡಿ ರಿಟೈರ್ ಆದೋರು, ಮಾತು ಕಮ್ಮಿ. ಕೇಳಿದ್ದು ಒಂದೇ ಪ್ರಶ್ನೆ: ಪಿಸ್ಟನ್ ನಿಜವಾಗ್ಲೂ ಮೇಲಿದ್ದಾಗ ಆ ಗೆರೆ ಸೊನ್ನೆಗೆ ಬರುತ್ತೆ ಅಂತ ನೋಡಿದ್ಯಾ?

ನೋಡಿರ್ಲಿಲ್ಲ. ಯಾರ್ ನೋಡ್ತಾರೆ ಸ್ವಾಮಿ.

ಈ ಇಂಜಿನ್ ಮುಂದೆ ಕ್ರ್ಯಾಂಕಿಗೆ (ಪಿಸ್ಟನ್‌ಗಳು ತಿರುಗಿಸೋ ಶಾಫ್ಟಿಗೆ) ಹಾರ್ಮೋನಿಕ್ ಬ್ಯಾಲೆನ್ಸರ್ ಅಂತ ಒಂದು ದಪ್ಪ ಚಕ್ರ ಇರುತ್ತೆ, ಒಳಗೊಂದು ಹಬ್, ಹೊರಗೊಂದು ಬಳೆ, ಮಧ್ಯ ರಬ್ಬರ್. ಟೈಮಿಂಗ್ ಗೆರೆ ಇರೋದು ಹೊರಗಿನ ಬಳೆ ಮೇಲೆ. ಐವತ್ತು ವರ್ಷ ಆದ್ಮೇಲೆ ರಬ್ಬರ್ ಸತ್ತು ಬಳೆ ಜಾರಿದ್ರೆ ಗೆರೆನೂ ಜೊತೆಗೇ ಜಾರುತ್ತೆ, ನಾವು ಅದನ್ನೇ ನಂಬ್ಕೊಂಡು ಲೈಟ್ ಹಿಡೀತಾ ಕೂತಿರ್ತೀವಿ.

ತಾತ ತಮ್ಮ ಪಿಸ್ಟನ್ ಸ್ಟಾಪ್ ಕೊಟ್ರು, ಪಿಸ್ಟನ್ನ ಮೇಲಕ್ಕೆ ಪೂರ್ತಿ ಹೋಗೋಕೆ ಬಿಡದೆ ತಡೆಯೋ ಟೂಲ್. ಬ್ಯಾಟರಿ ತೆಗೆದು, ಪ್ಲಗ್ಗೆಲ್ಲಾ ಬಿಚ್ಚಿ, ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಅದನ್ನ ತಿರುಗಿಸಿ ಕೂರಿಸ್ಬೇಕು, ಆಮೇಲೆ ಇಂಜಿನ್ನ ಕೈಯಲ್ಲೇ ನಿಧಾನ ತಿರುಗಿಸ್ಬೇಕು (ಅಪ್ಪಿತಪ್ಪಿಯೂ ಸ್ಟಾರ್ಟರಲ್ಲಿ ಅಲ್ಲ, ಪಿಸ್ಟನ್ ತೂತಾಗುತ್ತೆ). ಪಿಸ್ಟನ್ ಬಂದು ತಗುಲಿದಾಗ ಸೊನ್ನೆ ಎದುರಿಗೆ ಬಳೆ ಮೇಲೊಂದು ಗುರುತು, ಉಲ್ಟಾ ತಿರುಗಿಸಿ ಮತ್ತೆ ತಗುಲಿದಾಗ ಇನ್ನೊಂದು, ಎರಡರ ನಟ್ಟನಡುವೆ ಇರೋದೇ ನಿಜವಾದ ಟಿಡಿಸಿ, ಅಂದ್ರೆ ಪಿಸ್ಟನ್ ಪೂರ್ತಿ ಮೇಲಿರೋ ಜಾಗ. ನನ್ ಗೆರೆ ಅಲ್ಲಿಂದ 9 ಡಿಗ್ರಿ ಹಿಂದಿತ್ತು. ಅಂದ್ರೆ ಲೈಟಲ್ಲಿ 8 ಅಡ್ವಾನ್ಸ್ (8 ಡಿಗ್ರಿ ಮೊದಲೇ) ಅಂತ ಕಾಣ್ತಿದ್ದಾಗ ಕಿಡಿ ಬೀಳ್ತಿದ್ದಿದ್ದು ಪಿಸ್ಟನ್ ಮೇಲೆ ಹೋಗಿ, 1 ಡಿಗ್ರಿ ಕೆಳಗೆ ಇಳಿಯೋಕೆ ಶುರು ಮಾಡಿದ್ಮೇಲೆ. ಬೆಂಕಿ ಅರ್ಧ ಸೈಲೆನ್ಸರ್ ಕಡೆಗೇ ಹೋಗ್ತಿತ್ತು ಅಂತ ಕಾಣುತ್ತೆ, ಪಾಪ ಕಾರ್ಬ್ಯುರೇಟರ್ದು ಏನೂ ತಪ್ಪಿಲ್ಲ.

ಜಾರಿದ ಬಳೆ ಇಟ್ಕೊಂಡು ಓಡಿಸ್ಬಾರ್ದು, ಹೊಸ ಬ್ಯಾಲೆನ್ಸರ್ ತರಿಸ್ದೆ, 8 ಇಂಚಿಂದು. ಸುತ್ತಿಗೆಯಲ್ಲಿ ಬಡೀಬೇಡಿ, ಅದನ್ನ ಎಳೆದು ಕೂರಿಸೋ ಟೂಲೇ ಬೇರೆ ಇದೆ. ಹಾಕಿದ್ಮೇಲೆ ಮತ್ತೆ ಪಿಸ್ಟನ್ ಸ್ಟಾಪ್ ಹಾಕಿ ನೋಡ್ದೆ, ಈ ಸಲ ಗೆರೆ ಸೊನ್ನೆಗೇ ಬಂತು.

ಇನ್ನು ಟೈಮಿಂಗ್. ಐಡಲ್ ನಂಬರ್ ಹಿಡ್ಕೊಂಡು ಕೂರೋದನ್ನ ಬಿಟ್ಟೆ, ಈ ಇಂಜಿನ್ನಿಗೆ ಮುಖ್ಯ ಟೋಟಲ್ಲು, ಅಂದ್ರೆ ಜೋರಾಗಿ ಓಡುವಾಗ ಒಟ್ಟು ಎಷ್ಟು ಡಿಗ್ರಿ ಮೊದಲೇ ಕಿಡಿ ಬೀಳುತ್ತೆ ಅನ್ನೋದು, ನಾನು ಇಡೋಕೆ ಹೊರಟಿದ್ದು 36. ಲೆಕ್ಕ ಹಾಕಿ ನೋಡಿ, 3000 ಆರ್‌ಪಿಎಮ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತಿಗೆ ತಗೊಳ್ಳೋದು 20 ಮಿಲಿಸೆಕೆಂಡ್, ಅದರಲ್ಲಿ 36 ಡಿಗ್ರಿ ಅಂದ್ರೆ ಬರೀ 2 ಮಿಲಿಸೆಕೆಂಡ್. ಅದೇ 2 ಮಿಲಿಸೆಕೆಂಡಲ್ಲಿ 700ರ ಐಡಲಲ್ಲಿ ತಿರುಗೋದು ಸುಮಾರು 8 ಡಿಗ್ರಿ ಅಷ್ಟೇ. ಉರಿಯೋಕೆ ಬೇಕಾದ ಟೈಮ್ ಅಷ್ಟೇನು ಬದಲಾಗಲ್ಲ, ಇಂಜಿನ್ ಓಡೋ ಸ್ಪೀಡ್ ಬದಲಾಗುತ್ತೆ, ಅದಕ್ಕೇ ಡಿಸ್ಟ್ರಿಬ್ಯೂಟರ್ ಒಳಗೆ ತೂಕ ಸ್ಪ್ರಿಂಗ್ ಇಟ್ಟು ಕಿಡೀನ ಮುಂದಕ್ಕೆ ತಳ್ಳೋ ವ್ಯವಸ್ಥೆ. ಇದು ತಲೆಗೆ ಹೋದ್ಮೇಲೆ ಉಳಿದಿದ್ದು ಬರೀ ಸ್ಪ್ಯಾನರ್ ಕೆಲಸ.

ಮೊದಲು ಡ್ವೆಲ್ (ಪಾಯಿಂಟ್ ಮುಚ್ಚಿರೋ ಅಷ್ಟು ತಿರುಗು) 30 ಡಿಗ್ರಿಗೆ ಇಟ್ಟೆ, ಯಾಕಂದ್ರೆ ಪಾಯಿಂಟ್ ಗ್ಯಾಪ್ ಮುಟ್ಟಿದ್ರೆ ಟೈಮಿಂಗೂ ಅಲ್ಲಾಡುತ್ತೆ. ಅಪ್ಪ ಮೈಸೂರಲ್ಲಿ ಯೆಜ್ಡಿ ಪಾಯಿಂಟ್ ಮಧ್ಯೆ ಸಿಗರೇಟ್ ಪ್ಯಾಕಿನ ತೆಳು ಕಾಗದ ಇಟ್ಟು, ಎಳೆದು ನೋಡ್ತಾ, ಬಿಟ್ಕೊಳ್ತು ಅಂದ ತಕ್ಷಣ ಸ್ಕ್ರೂ ಬಿಗೀತಿದ್ದಿದ್ದು ನೆನಪಾಯ್ತು, ನಾನು ಟಾರ್ಚ್ ಹಿಡಿಯೋನು. ಲೈಟೂ ಇಲ್ಲ ಮೀಟರೂ ಇಲ್ಲ, ಆದ್ರೂ ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್.

ಟ್ಯಾಬ್ ಮೇಲೆ 36 ಇರಲ್ಲ, ಹಾಗಾಗಿ ಸೊನ್ನೆ ಗೆರೆಯಿಂದ ಇಂಜಿನ್ ತಿರುಗೋ ದಿಕ್ಕಲ್ಲಿ 64 ಮಿಲಿಮೀಟರ್ ಅಳೆದು ಬಿಳಿ ಪೇಂಟಲ್ಲಿ ಇನ್ನೊಂದು ಗೆರೆ ಎಳೆದೆ (8 ಇಂಚಿನ ಬಳೆಗೆ ಈ ಲೆಕ್ಕ, ಚಿಕ್ಕದಾದ್ರೆ ಬೇರೆ). ಡಿಸ್ಟ್ರಿಬ್ಯೂಟರಿಗೆ ಹೋಗೋ ವ್ಯಾಕ್ಯೂಮ್ ಪೈಪ್ (ಇದೂ ಕಿಡೀನ ಮುಂದಕ್ಕೆ ತಳ್ಳುತ್ತೆ) ಕಿತ್ತು ಬಾಯಿ ಮುಚ್ಚಿ, ಲೈಟಿನ ಕ್ಲಿಪ್ ಒಂದನೇ ಪ್ಲಗ್ ವೈರಿಗೆ ಹಾಕಿ, ಮಗನಿಗೆ 3000 ಹಿಡ್ಕೊಂಡಿರು ಅಂದೆ. ಫ್ಯಾನ್ ಪಕ್ಕದಲ್ಲೇ ವೈರ್ ಹೋಗುತ್ತೆ, ಹುಷಾರು. ಕ್ಲ್ಯಾಂಪ್ ಸ್ವಲ್ಪ ಸಡಿಲಿಸಿ ಡಿಸ್ಟ್ರಿಬ್ಯೂಟರನ್ನ ಅಪ್ರದಕ್ಷಿಣೆ ಕಡೆಗೆ ಕೂದಲೆಳೆಯಷ್ಟು ತಿರುಗಿಸ್ತಾ ಹೋದ್ರೆ ಬಿಳಿ ಗೆರೆ ತೇಲ್ಕೊಂಡು ಬಂದು ಸೊನ್ನೆ ಎದುರಿಗೆ ನಿಲ್ತು, ಇನ್ನೂ ಜೋರಾಗಿ ಓಡಿಸಿದ್ರೂ ಮುಂದಕ್ಕೆ ಹೋಗ್ಲಿಲ್ಲ. ಐಡಲಿಗೆ ಬಂದಾಗ ನೋಡಿದ್ರೆ ಅಲ್ಲಿ 15. ಸದ್ದೇ ಬೇರೆ, ಐಡಲ್ ತಾನೇ ಮೇಲೇರಿ ಸ್ಕ್ರೂ ಇಳಿಸ್ಬೇಕಾಯ್ತು.

ವ್ಯಾಕ್ಯೂಮ್ ಪೈಪ್ ಸಿಕ್ಕಿಸಿ, 93 ಆಕ್ಟೇನ್ ತುಂಬಿಸಿ, ಟಾಪ್ ಗೇರಲ್ಲಿ ನಿಧಾನ ಇದ್ದಾಗ ಪೂರ್ತಿ ತುಳಿದು ನೋಡ್ದೆ. ಕಲ್ಲು ಅಲ್ಲಾಡಿಸಿದ ಹಾಗೆ ಸಣ್ಣ ನಾಕಿಂಗ್ (ಕಿಡಿ ಅತಿ ಬೇಗ ಬಿದ್ರೆ ಬರೋ ಸದ್ದು) ಕೇಳ್ತು, ಮನೆಗೆ ಬಂದು 2 ಡಿಗ್ರಿ ಹಿಂದಕ್ಕೆ ತಗೊಂಡೆ, 34ರಲ್ಲಿ ನಿಂತಿದೆ, ಈಗ ಇಲ್ಲ.

ತಾತ ಎರಡ್ಸಲ ಪಿಸ್ಟನ್ ಸ್ಟಾಪ್ ಕೇಳಿದ್ರು, ಗಾಡಿಯಲ್ಲೇ ಕರ್ಕೊಂಡ್ಹೋಗಿ ಒಂದು ರೌಂಡ್ ಹೊಡೆಸಿ ಆಮೇಲೆ ಕೊಡೋಣ ಅಂತಿದೀನಿ.