ಒಂದೇ ಡ್ರೂಪಲ್, ನಾಲ್ಕು ಪೋರ್ಟಲ್ (ಸದ್ಯಕ್ಕೆ)

ವಾರ 1

ಇದು ಶುರುವಾಗಿದ್ದೇ ಬೇಜಾರಿನಿಂದ. ಹಕ್ಕಿ ನೋಡುವವರದ್ದು ಒಂದು, ಚೆಸ್ ಆಡುವವರದ್ದು ಒಂದು, ನಾಟಕ ತಂಡದ್ದು ಒಂದು, ಹಳೇ ರೇಡಿಯೊ ರಿಪೇರಿ ಮಾಡುವವರದ್ದು ಒಂದು. ಹೀಗೆ ಗೆಳೆಯರ ನಾಲ್ಕು ಪೋರ್ಟಲ್‌ಗಳು ನನ್ನ ತಲೆ ಮೇಲಿವೆ. ನಾಲ್ಕೂ ಡ್ರೂಪಲ್‌ನಲ್ಲಿವೆ, ಅಂದರೆ ವೆಬ್‌ಸೈಟ್ ಕಟ್ಟಿ ನಡೆಸುವ ಒಂದು ಸಾಫ್ಟ್‌ವೇರ್‌ನಲ್ಲಿ. ಇರೋದು ಒಂದೇ ಪುಟ್ಟ ಸರ್ವರ್, ಆದರೆ ಇನ್‌ಸ್ಟಾಲ್ ಮಾತ್ರ ನಾಲ್ಕು. ಸೆಕ್ಯುರಿಟಿ ಅಪ್‌ಡೇಟ್ ಬಂದಾಗಲೆಲ್ಲ ಅದೇ ಕೆಲಸ ನಾಲ್ಕು ಸಲ. ಮೂರನೇದು ಮುಗಿಯುವಷ್ಟರಲ್ಲಿ ನಿದ್ದೆ ಬಂದಿರುತ್ತದೆ. ನಾಲ್ಕನೇದು ನಾಳೆಗೆ.

ಆ ನಾಳೆಯೇ ಅಪಾಯ. 2014ರ ಅಕ್ಟೋಬರ್ 15ರಂದು ಡ್ರೂಪಲ್ 7ರಲ್ಲಿದ್ದ ಒಂದು ಎಸ್‌ಕ್ಯುಎಲ್ ಇಂಜೆಕ್ಷನ್ ದೋಷವನ್ನು (ಹೊರಗಿನವರು ಡೇಟಾಬೇಸ್‌ಗೆ ತಮ್ಮ ಆಜ್ಞೆ ನುಗ್ಗಿಸುವ ದಾರಿ) ಪ್ರಕಟಿಸಿದರು. ಡ್ರೂಪಲ್‌ಗೆಡ್ಡನ್ ಅಂತ ಅದಕ್ಕೆ ಅಡ್ಡಹೆಸರು ಬಿತ್ತು. ಪ್ರಕಟಣೆಯಾದ 7 ಗಂಟೆಯೊಳಗೆ ಪ್ಯಾಚ್ ಹಾಕದಿದ್ದರೆ ಸೈಟ್‌ಗೆ ಕನ್ನ ಬಿದ್ದಿದೆ ಅಂತಲೇ ತಿಳಿದುಕೊಳ್ಳಿ ಎಂದು ಸೆಕ್ಯುರಿಟಿ ತಂಡ ಆಮೇಲೆ ಹೇಳಿತು. ಏಳು ಗಂಟೆ! ನನ್ನ ನಾಲ್ಕನೇ ಪೋರ್ಟಲ್ ಎಷ್ಟೋ ಸಲ ಏಳು ದಿನ ಕಾದಿದೆ.

ಅದಕ್ಕೇ ಮಲ್ಟಿಸೈಟ್. ಕೋಡ್ ಒಂದೇ, ಪೋರ್ಟಲ್ ನಾಲ್ಕು. ಡ್ರೂಪಲ್‌ನಂಥದೇ ಇನ್ನೊಂದು ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್‌ನಲ್ಲೂ ಇದು ಇದೆ, 2010ರಲ್ಲಿ ಬಂದ 3.0ರಿಂದ ಒಳಗೇ ಸೇರಿಕೊಂಡಿದೆ. ಆದರೆ ಅಲ್ಲಿ ಮಾಮೂಲಿಗೆ ಎಲ್ಲ ಸೈಟ್‌ಗಳೂ ಒಂದೇ ಡೇಟಾಬೇಸ್‌ನಲ್ಲಿ ಇರುತ್ತವೆ, ಬಳಕೆದಾರರ ಪಟ್ಟಿಯೂ ಒಂದೇ. ನನ್ನ ಗೆಳೆಯರಿಗೆ ಒಬ್ಬರ ಸದಸ್ಯರು ಇನ್ನೊಬ್ಬರ ಪಟ್ಟಿಗೆ ಬರೋದು ಬೇಡ. ಡ್ರೂಪಲ್‌ನಲ್ಲಿ ಪ್ರತಿ ಸೈಟ್‌ಗೂ ಬೇರೆ ಡೇಟಾಬೇಸ್ ಕೊಡಬಹುದು. ಮನೆ ಒಂದು, ಒಲೆ ಬೇರೆ.

ವಾರ 2

ಕೂಡಿಸೋದು ಇಷ್ಟು ಸುಲಭ ಅಂದುಕೊಂಡಿರಲಿಲ್ಲ. ಸೈಟ್ಸ್ ಎಂಬ ಫೋಲ್ಡರ್ ಒಳಗೆ ಒಂದೊಂದು ಡೊಮೇನ್ ಹೆಸರಲ್ಲಿ ಒಂದೊಂದು ಫೋಲ್ಡರ್. ಅದರೊಳಗೆ ಆ ಪೋರ್ಟಲ್‌ನದ್ದೇ ಸೆಟ್ಟಿಂಗ್ಸ್ ಫೈಲ್. ಬ್ರೌಸರ್ ಯಾವ ಹೆಸರು ಕೇಳಿಕೊಂಡು ಬರುತ್ತದೋ ಆ ಹೆಸರಿನ ಫೋಲ್ಡರನ್ನು ಡ್ರೂಪಲ್ ಹುಡುಕುತ್ತದೆ. ಪೂರ್ತಿ ಹೆಸರು ಸಿಗದಿದ್ದರೆ ಎಡಗಡೆಯಿಂದ ಒಂದೊಂದೇ ತುಂಡು ಕಳಚುತ್ತಾ ಹೋಗುತ್ತದೆ. ಏನೂ ಸಿಗದಿದ್ದರೆ ಡಿಫಾಲ್ಟ್ ಫೋಲ್ಡರ್. (ಕೊನೆಗೆ ಉಳಿಯೋದು ಬರೀ "ಕಾಮ್". ಆ ಹೆಸರಿನ ಫೋಲ್ಡರ್ ಇಟ್ಟರೆ, ಬೇರೆ ಫೋಲ್ಡರ್ ಇಲ್ಲದ ಡಾಟ್ ಕಾಮ್‌ಗಳೆಲ್ಲ ಅಲ್ಲೇ ಬಂದು ಬೀಳುತ್ತವೆ. ಸುಮ್ನೆ ಮಾಡಿ ನೋಡಿದೆ, ಹೌದು.)

ಒಂದು ಸಂಜೆ ಪೂರ್ತಿ ಹಾಳಾಗಿದ್ದು ಒಂದು ಚಿಕ್ಕ ವಿಷಯಕ್ಕೆ. ಫೋಲ್ಡರ್ ಎಲ್ಲ ಸರಿ ಇದೆ, ಆದರೂ ಯಾವ ಡೊಮೇನ್ ಹಾಕಿದರೂ ಡಿಫಾಲ್ಟ್ ಸೈಟೇ ಬರುತ್ತಿತ್ತು. ಡ್ರೂಪಲ್ 8ರಿಂದ ಈಚೆಗೆ ಸೈಟ್ಸ್ ಡಾಟ್ ಪಿಎಚ್‌ಪಿ ಎಂಬ ಫೈಲ್ ಇದ್ದರೆ ಮಾತ್ರ ಈ ಹುಡುಕಾಟ ನಡೆಯುತ್ತದೆ. ಖಾಲಿ ಇದ್ದರೂ ಸಾಕು, ಆದರೆ ಇರಬೇಕು. ಇಟ್ಟೆ, ನಡೆಯಿತು.

ವಾರದ ಕೊನೆಗೆ ನಾಲ್ಕೂ ಎದ್ದು ನಿಂತವು. ಡೇಟಾಬೇಸ್ ನಾಲ್ಕು, ಡೇಟಾಬೇಸ್ ಯೂಸರ್ ನಾಲ್ಕು, ಹ್ಯಾಶ್ ಸಾಲ್ಟ್ (ಸೈಟಿನ ಭದ್ರತೆಗೆ ಬಳಸುವ ಗುಟ್ಟಿನ ಅಕ್ಷರಸಾಲು) ನಾಲ್ಕು. ಎಲ್ಲ ಬೇರೆ ಮಾಡಿದೆ ಅಂತ ಬೀಗಿದೆ.

ವಾರ 4

ಬೀಗಿದ್ದು ಜಾಸ್ತಿ ಆಯ್ತು. ಚೆಸ್ ಪೋರ್ಟಲ್ ನಡೆಸುವ ಗೆಳೆಯ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಪುಟದಲ್ಲಿ ಸಿಸಿಲಿಯನ್ ಡಿಫೆನ್ಸ್ ಬಗ್ಗೆ ಲೇಖನ. ಬ್ರೌಸರ್ ಟ್ಯಾಬ್‌ನಲ್ಲಿ ಹಕ್ಕಿ ಪೋರ್ಟಲ್‌ನ ಹೆಸರು. "ನಮ್ಮ ಕುದುರೆಗೆ ರೆಕ್ಕೆ ಬಂದಿದೆ" ಅಂತ ಕೆಳಗೆ ಬರೆದಿದ್ದ.

ಕ್ಯಾಶ್ (ಬೇಗ ಸಿಗಲೆಂದು ಇಟ್ಟುಕೊಂಡ ತಾತ್ಕಾಲಿಕ ಪ್ರತಿ) ಕ್ಲಿಯರ್ ಮಾಡಿದೆ, ಸರಿಹೋಯ್ತು. ಹತ್ತು ನಿಮಿಷ ಬಿಟ್ಟು ನೋಡಿದರೆ ಹಕ್ಕಿ ಪೋರ್ಟಲ್‌ಗೆ ಚೆಸ್‌ನ ಹೆಸರು ಬಂದಿದೆ. ಆಗ ತಲೆಗೆ ಹೊಳೆಯಿತು. ಡೇಟಾಬೇಸ್ ನಾಲ್ಕು ಮಾಡಿದ್ದೆ, ಆದರೆ ಕ್ಯಾಶನ್ನು ಮೆಮರಿಯಲ್ಲಿ ಇಟ್ಟುಕೊಳ್ಳುವ ಮೆಮ್‌ಕ್ಯಾಶ್‌ಡಿ ಒಂದೇ ಇತ್ತು. ಮೊದಲು ಅದನ್ನು ಬಳಸುತ್ತಿದ್ದುದು ಹಕ್ಕಿ ಪೋರ್ಟಲ್ ಮಾತ್ರ. ಅದರ ಸೆಟ್ಟಿಂಗ್ಸ್ ಫೈಲನ್ನೇ ಕಾಪಿ ಮಾಡಿ ಬಾಕಿ ಮೂರಕ್ಕೂ ಹಾಕಿದ್ದೆ. ಸೈಟಿನ ಹೆಸರು ಇರುವ ಕಾನ್ಫಿಗರೇಷನ್‌ಗೆ ಎಲ್ಲ ಡ್ರೂಪಲ್‌ಗಳಲ್ಲೂ ಒಂದೇ ಕೀ, ಅಂದರೆ ಕ್ಯಾಶ್‌ನಲ್ಲಿ ಹುಡುಕುವ ಹೆಸರು. ನಾಲ್ಕೂ ಪೋರ್ಟಲ್ ಒಂದೇ ಕಪಾಟಿನ ಒಂದೇ ಡಬ್ಬಿಗೆ ಬರೆಯುತ್ತಿದ್ದವು, ಯಾರು ಕೊನೆಗೆ ಬರೆದರೋ ಅವರದೇ ಹೆಸರು ಎಲ್ಲರಿಗೂ. ಲೇಖನ ಮಾತ್ರ ಅವರವರದೇ ಡೇಟಾಬೇಸ್‌ನಿಂದ ಬರುತ್ತಿದ್ದರಿಂದ ಮೇಲ್ನೋಟಕ್ಕೆ ಎಲ್ಲ ಸರಿ ಕಾಣುತ್ತಿತ್ತು.

ಪರಿಹಾರ ಒಂದು ಸಾಲು. ಪ್ರತಿ ಸೆಟ್ಟಿಂಗ್ಸ್ ಫೈಲಿನಲ್ಲೂ ಬೇರೆ ಕೀ ಪ್ರಿಫಿಕ್ಸ್, ಅಂದರೆ ಕೀ ಮುಂದೆ ಸೇರಿಸುವ ಒಂದು ಗುರುತು. ಮೆಮ್‌ಕ್ಯಾಶ್ ಮಾಡ್ಯೂಲಿನ (ಡ್ರೂಪಲ್‌ಗೆ ಸೇರಿಸುವ ಹೆಚ್ಚುವರಿ ಭಾಗ) ರೀಡ್‌ಮಿ ಫೈಲಿನಲ್ಲೇ ಇದನ್ನು ಬರೆದಿದ್ದಾರೆ. ಓದಬೇಕಿತ್ತು, ಅಲ್ವಾ.

ಅವತ್ತಿನಿಂದ ಒಂದು ಕಾಗದ ಗೋಡೆಗೆ ಅಂಟಿಸಿದ್ದೇನೆ. ತಲೆಬರಹ: "ಇನ್ನೂ ಏನೇನು ಒಂದೇ ಇದೆ?" ಮೊದಲ ಸಾಲು ಮೆಮ್‌ಕ್ಯಾಶ್‌ಡಿ. ಅದನ್ನು ಹೊಡೆದು ಹಾಕಿದೆ.

ವಾರ 5

ಎರಡನೇ ಸಾಲು ಡಿಫಾಲ್ಟ್ ಫೋಲ್ಡರ್. ನಾಟಕದ ಪೋರ್ಟಲ್ ಅದರಲ್ಲೇ ಇತ್ತು, ಹಳೇ ಇನ್‌ಸ್ಟಾಲ್‌ನಿಂದ ಬಂದ ಹಾಗೇ ಬಿಟ್ಟಿದ್ದೆ. ತೊಂದರೆ ಏನೆಂದರೆ, ಡ್ರಶ್ (ಡ್ರೂಪಲನ್ನು ಕಮಾಂಡ್‌ಗಳಿಂದ ನಡೆಸುವ ಟೂಲ್) ಕಮಾಂಡ್ ಕೊಡುವಾಗ ಯಾವ ಸೈಟ್ ಅಂತ ಹೇಳಲು ಮರೆತರೆ ಅದು ಸೀದಾ ಡಿಫಾಲ್ಟ್‌ಗೆ ಹೋಗುತ್ತದೆ. ರೇಡಿಯೊ ಪೋರ್ಟಲ್‌ನ ಒಂದು ಮಾಡ್ಯೂಲ್ ತೆಗೆಯಲು ಹೋಗಿ ನಾಟಕದವರದ್ದನ್ನು ತೆಗೆದಿದ್ದೆ. ಬ್ಯಾಕಪ್ ಇತ್ತು, ಮಾನ ಉಳಿಯಿತು.

ಹಾಗಾಗಿ ನಾಟಕಕ್ಕೆ ಅದರ ಹೆಸರಿನ ಫೋಲ್ಡರ್ ಮಾಡಿ, ಡಿಫಾಲ್ಟ್ ಖಾಲಿ ಮಾಡಿದೆ. ಈಗ ಸೈಟ್ ಹೇಳದೆ ಕಮಾಂಡ್ ಕೊಟ್ಟರೆ ಎರರ್ ಬರುತ್ತದೆ. ಅದೇ ನನಗೆ ಬೇಕಾಗಿದ್ದು.

ಬೇಡವಾಗಿದ್ದೂ ಎರಡು ಬಂತು. ಒಂದು: ಸರ್ವರ್‌ನ ಐಪಿ ವಿಳಾಸವನ್ನು ಸುಮ್ನೆ ಬ್ರೌಸರ್‌ನಲ್ಲಿ ಹಾಕಿ ನೋಡಿದೆ. "ಭಾಷೆ ಆರಿಸಿ" ಅಂತ ಡ್ರೂಪಲ್ ಇನ್‌ಸ್ಟಾಲರ್ ನಗುತ್ತಾ ನಿಂತಿತ್ತು. ಡೇಟಾಬೇಸ್ ಇಲ್ಲದ ಡಿಫಾಲ್ಟ್ ಅಂದರೆ ಇನ್ನೂ ಇನ್‌ಸ್ಟಾಲ್ ಆಗದ ಸೈಟ್ ಅಂತ ಅದರ ಲೆಕ್ಕ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ತಮ್ಮದೇ ಡೇಟಾಬೇಸ್ ವಿವರ ಕೊಟ್ಟು ನನ್ನ ಸರ್ವರ್‌ನಲ್ಲಿ ತಾವೇ ಅಡ್ಮಿನ್ ಆಗಬಹುದಿತ್ತು. ಎದೆ ಧಸಕ್ ಅಂತು. ವೆಬ್ ಸರ್ವರ್ ಆದ ಎನ್‌ಜಿನ್‌ಎಕ್ಸ್‌ನಲ್ಲಿ ನಾಲ್ಕು ಡೊಮೇನ್ ಬಿಟ್ಟು ಬೇರೆ ಯಾವ ಹೆಸರಲ್ಲಿ ಬಂದರೂ 444 ಕೊಡು ಅಂತ ಬರೆದೆ. ಅಂದರೆ ಉತ್ತರವನ್ನೇ ಕೊಡದೆ ಬಾಗಿಲು ಹಾಕೋದು. ಈ ಸಾಲು ಮೊದಲ ದಿನವೇ ಇರಬೇಕಿತ್ತು.

ಎರಡು: ನಾಟಕದ ಪೋರ್ಟಲ್‌ನ ಹಳೇ ಲೇಖನಗಳಲ್ಲಿ ಚಿತ್ರಗಳು ಮಾಯ. ಎಡಿಟರ್‌ನಲ್ಲಿ ಚಿತ್ರ ಸೇರಿಸಿದಾಗ ಅದರ ಪೂರ್ತಿ ಹಾದಿ ಲೇಖನದ ಒಳಗೇ ಕೂತಿರುತ್ತದೆ, ಅದರಲ್ಲಿ "ಡಿಫಾಲ್ಟ್" ಅಂತಲೇ ಇದೆ. ಹೊಸ ಫೋಲ್ಡರ್‌ಗೆ ಕಾಪಿ ಮಾಡಿದ ದಿನ ಎಲ್ಲ ಚೆನ್ನಾಗಿ ಕಂಡಿತ್ತು, ಯಾಕೆಂದರೆ ಹಳೇ ಫೈಲ್‌ಗಳು ಇನ್ನೂ ಅಲ್ಲೇ ಇದ್ದವು. ಖಾಲಿ ಮಾಡಿದ ಮೇಲೆ ಬಣ್ಣ ಬಯಲಾಯ್ತು. ಹಳೇ ಹಾದಿಯನ್ನು ಹೊಸದಕ್ಕೆ ತಿರುಗಿಸುವ ಒಂದು ನಿಯಮ ಹಾಕಿ ಸದ್ಯ ತೇಪೆ ಹಚ್ಚಿದ್ದೇನೆ.

ಇದರಿಂದ ಇನ್ನೊಂದೂ ಗೊತ್ತಾಯ್ತು. ವೆಬ್ ಸರ್ವರ್ ಕಣ್ಣಿಗೆ ನಾಲ್ಕೂ ಡೊಮೇನ್ ಒಂದೇ ಫೋಲ್ಡರ್. ಚೆಸ್ ಡೊಮೇನ್ ಮುಂದೆ ಹಕ್ಕಿ ಪೋರ್ಟಲ್‌ನ ಫೈಲ್ ಹಾದಿ ಹಾಕಿದರೆ ಮಿಂಚುಳ್ಳಿಯ ಫೋಟೋ ಆರಾಮಾಗಿ ತೆರೆದುಕೊಳ್ಳುತ್ತದೆ! ಸಾರ್ವಜನಿಕ ಫೈಲ್‌ಗಳೇ, ದೊಡ್ಡ ಅಪಾಯ ಇಲ್ಲ. ಆದರೂ ಸರಿ ಅನ್ನಿಸಲಿಲ್ಲ. ಆಯಾ ಡೊಮೇನ್‌ಗೆ ಆಯಾ ಫೋಲ್ಡರ್ ಮಾತ್ರ ಅಂತ ನಿರ್ಬಂಧ ಹಾಕಿದೆ. ಸದಸ್ಯರಿಗೆ ಮಾತ್ರ ಕಾಣಬೇಕಾದ ಫೈಲ್‌ಗಳನ್ನು ವೆಬ್ ಫೋಲ್ಡರ್‌ನಿಂದಲೇ ಹೊರಗಿಟ್ಟೆ.

ವಾರ 7

ಮೊದಲ ದೊಡ್ಡ ಅಪ್‌ಡೇಟ್. ಇಷ್ಟೆಲ್ಲ ಮಾಡಿದ್ದೇ ಇದಕ್ಕೆ. ಕೋಡ್ ಇಳಿಸಿಕೊಡುವ ಕಂಪೋಸರ್ ಟೂಲನ್ನು ಒಂದು ಸಲ ಓಡಿಸಿದೆ, ಹೊಸ ಕೋಡ್ ಬಂತು. ಇಲ್ಲಿವರೆಗೆ ಸ್ವರ್ಗ.

ಆದರೆ ಕೋಡ್ ಒಂದೇ ಆದರೂ ಡೇಟಾಬೇಸ್ ನಾಲ್ಕು. ಪ್ರತಿಯೊಂದಕ್ಕೂ ಅಪ್‌ಡೇಟ್ ಹಂತಗಳನ್ನು ಬೇರೆಯಾಗಿ ಓಡಿಸಬೇಕು. ಪುಟ್ಟ ಸ್ಕ್ರಿಪ್ಟ್ ಬರೆದಿದ್ದೆ: ನಾಲ್ಕನ್ನೂ ಮೇಂಟೆನೆನ್ಸ್ ಮೋಡ್‌ಗೆ ಹಾಕು, ಬ್ಯಾಕಪ್ ತಗೋ, ಅಪ್‌ಡೇಟ್ ಓಡಿಸು, ಕ್ಯಾಶ್ ಕ್ಲಿಯರ್ ಮಾಡು, ಬಾಗಿಲು ತೆಗೆ. ಹಕ್ಕಿ ಆಯ್ತು. ಚೆಸ್ ಆಯ್ತು. ನಾಟಕ ಆಯ್ತು. ರೇಡಿಯೊ ಅರ್ಧದಲ್ಲಿ ನಿಂತಿತು. ಅವರು ಬಳಸುವ ಕ್ಯಾಟಲಾಗ್ ಮಾಡ್ಯೂಲಿನ ಅಪ್‌ಡೇಟ್ ಒಂದು ಟೇಬಲ್ ಬದಲಿಸುವಾಗ ಎಡವಿತು.

ಬೇರೆ ಬೇರೆ ಇನ್‌ಸ್ಟಾಲ್ ಇದ್ದಾಗ ಏನು ಮಾಡುತ್ತಿದ್ದೆ? ಅದೊಂದನ್ನು ಹಳೇ ಕೋಡ್‌ಗೆ ವಾಪಸ್ ಮಾಡಿ ಮಲಗುತ್ತಿದ್ದೆ. ಈಗ ಆಗಲ್ಲ. ಕೋಡ್ ವಾಪಸ್ ಮಾಡಿದರೆ ಮುಂದೆ ಹೋಗಿರುವ ಮೂರು ಡೇಟಾಬೇಸ್‌ಗಳು ಕೈಕೊಡುತ್ತವೆ. ಡ್ರೂಪಲ್‌ನ ಡೇಟಾಬೇಸ್ ಅಪ್‌ಡೇಟ್‌ಗೆ ರಿವರ್ಸ್ ಗೇರ್ ಇಲ್ಲ. ರಾತ್ರಿ ಒಂದೂವರೆಗೆ ನಾಲ್ಕನ್ನೂ ಬ್ಯಾಕಪ್‌ನಿಂದ ಹಳೇ ಜಾಗಕ್ಕೆ ತಂದೆ. ತಪ್ಪು ಮಾಡಿದ್ದು ಒಂದು, ಹಿಂದೆ ಬಂದಿದ್ದು ನಾಲ್ಕು.

ಈಗ ಸ್ಕ್ರಿಪ್ಟ್‌ನ ಕ್ರಮ ಬದಲಿಸಿದ್ದೇನೆ. ಮೊದಲು ನಾಲ್ಕೂ ಡೇಟಾಬೇಸ್‌ಗಳ ಕಾಪಿ ಮೇಲೆ ಬೇರೆ ಕಡೆ ಓಡಿಸಿ ನೋಡೋದು, ನಾಲ್ಕೂ ದಾಟಿದರೆ ಮಾತ್ರ ನಿಜವಾದದ್ದು. ಆ ಟೇಬಲ್‌ನ ಗಂಟನ್ನು ಹೀಗೇ ಬಿಡಿಸಿ, ಮಾರನೇ ವಾರ ಮತ್ತೆ ಓಡಿಸಿದೆ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಮೊದಲು ಒಂದು ಸಂಜೆ ಹಿಡಿಯುತ್ತಿತ್ತು.

ವಾರ 9

ಗೋಡೆಯ ಕಾಗದದ ಮೂರನೇ ಸಾಲು ಎಸ್‌ಎಸ್‌ಎಲ್ ಸರ್ಟಿಫಿಕೇಟ್, ಬ್ರೌಸರ್ ಮತ್ತು ಸೈಟಿನ ನಡುವಿನ ಸಂಪರ್ಕವನ್ನು ಭದ್ರ ಮಾಡಲು ಬೇಕಾದ ಗುರುತುಪತ್ರ. ಅದನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಒಂದು ಸರ್ಟಿಫಿಕೇಟ್‌ನಲ್ಲಿ 100 ಹೆಸರುಗಳವರೆಗೆ ಬಿಡುತ್ತದೆ. ನಾನು ನಾಲ್ಕು ಡೊಮೇನ್, ಅವುಗಳ ಡಬ್ಲ್ಯುಡಬ್ಲ್ಯುಡಬ್ಲ್ಯು ರೂಪ, ಒಟ್ಟು ಎಂಟು ಹೆಸರನ್ನು ಒಂದರಲ್ಲೇ ಹಾಕಿದ್ದೆ. 90 ದಿನದ ಅವಧಿ, ಕೊನೆಯ 30 ದಿನ ಇರುವಾಗ ಸರ್ಟ್‌ಬಾಟ್ ಎಂಬ ಟೂಲ್ ತಾನಾಗಿ ನವೀಕರಿಸಲು ಶುರು ಮಾಡುತ್ತದೆ. ಶುರು ಮಾಡಿತು, ಸೋತಿತು. ನಾಟಕದವರು ತಮ್ಮ ಡಬ್ಲ್ಯುಡಬ್ಲ್ಯುಡಬ್ಲ್ಯು ಹೆಸರನ್ನು ಬೇರೆ ಯಾವುದೋ ಕಡೆ ತಿರುಗಿಸಿದ್ದರು, ನನಗೆ ಹೇಳಿರಲಿಲ್ಲ. ಎಂಟರಲ್ಲಿ ಒಂದು ಹೆಸರು ಪರೀಕ್ಷೆಯಲ್ಲಿ ಫೇಲ್, ಹಾಗಾಗಿ ಎಂಟಕ್ಕೂ ಸರ್ಟಿಫಿಕೇಟ್ ಇಲ್ಲ. ಅವಧಿ ಮುಗಿಯುತ್ತಿದೆ ಅಂತ ಮೊದಲೆಲ್ಲ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಮೇಲ್ ಬರುತ್ತಿತ್ತು, 2025ರ ಜೂನ್‌ನಲ್ಲಿ ಅದನ್ನು ನಿಲ್ಲಿಸಿದ್ದಾರೆ. ಲಾಗ್ ನೋಡುವ ಅಭ್ಯಾಸ ಇದ್ದಿದ್ದಕ್ಕೆ ಬಚಾವ್. ಈಗ ಪೋರ್ಟಲ್‌ಗೊಂದು ಸರ್ಟಿಫಿಕೇಟ್.

ವಾರ 10

ಚೆಸ್ ಗೆಳೆಯನಿಗೆ ಡ್ರೂಪಲ್‌ನ ಮುಂದಿನ ದೊಡ್ಡ ಆವೃತ್ತಿ ಬೇಕಂತೆ. ಹಕ್ಕಿಯವರು, ನಾಟಕದವರು ರೆಡಿ. ರೇಡಿಯೊದವರ ಕ್ಯಾಟಲಾಗ್ ಮಾಡ್ಯೂಲ್ ಹೊಸ ಆವೃತ್ತಿಗೆ ಇನ್ನೂ ಬಂದಿಲ್ಲ. ಅದನ್ನು ಬಿಡಿ ಅಂದರೆ ಅವರ ಇಡೀ ಪೋರ್ಟಲ್ ಇರೋದೇ ಆ ಕ್ಯಾಟಲಾಗ್ ಮೇಲೆ, ಹಳೇ ರೇಡಿಯೊಗಳ ಸಾವಿರಾರು ವಾಲ್ವ್‌ಗಳ (ಗಾಜಿನ ಟ್ಯೂಬ್‌ಗಳ) ಪಟ್ಟಿ. ಕೋಡ್ ಒಂದೇ ಆದ್ದರಿಂದ ಇಬ್ಬರಿಗೂ ಒಟ್ಟಿಗೆ ಹೂಂ ಅನ್ನುವ ದಾರಿ ಇಲ್ಲ. ಎರಡು ದಿನ ಯೋಚಿಸಿದೆ. ಗೋಡೆಯ ಕಾಗದದ ಕೊನೆಯ ಸಾಲು "ಆವೃತ್ತಿ", ಅದನ್ನು ಹೊಡೆದು ಹಾಕಲು ಆಗಲಿಲ್ಲ.

ಭಾನುವಾರ ರೇಡಿಯೊ ಪೋರ್ಟಲ್‌ಗೆ ಮತ್ತೆ ಬೇರೆ ಇನ್‌ಸ್ಟಾಲ್ ಮಾಡಿಕೊಡುತ್ತಿದ್ದೇನೆ. ಚಿತ್ರಗಳ ಹಾದಿಯನ್ನು ಈ ಸಲ ಮೊದಲೇ ನೋಡಿಕೊಂಡಿದ್ದೇನೆ.