ಹಿಮೋಗ್ಲೋಬಿನ್ 19.2 ಇದ್ದ ಆ ವರದಿ

ಬದಿಯಡ್ಕ ಸಮೀಪದ ಒಂದು ಲ್ಯಾಬಿನಲ್ಲಿ ನಾನು ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ನಮ್ಮಲ್ಲಿಗೆ ಬರುವವರ ಪೈಕಿ ರಕ್ತ ಕಡಿಮೆ ಇರುವವರೇ ಹೆಚ್ಚು. ಹಾಗಾಗಿ, ಗಲ್ಫಿಗೆ ಹೊರಡುವ ಮೊದಲು ತನ್ನ ಸಮಾಧಾನಕ್ಕೆಂದು ಪರೀಕ್ಷೆ ಮಾಡಿಸಿಕೊಂಡ 26 ವರ್ಷದ ಯುವಕನ ಹಿಮೋಗ್ಲೋಬಿನ್ ತೀರಾ ಹೆಚ್ಚಾಗಿ, 19.2 ಎಂದು ಬಂದಾಗ ನಾನು ಮೊದಲು ಸಂಶಯಪಟ್ಟದ್ದು ಯಂತ್ರವನ್ನು. ಯಂತ್ರ ಸರಿಯಿದೆಯೇ ಎಂದು ತಿಳಿಯುವ ಮಾದರಿ, ಅಂದರೆ ಕಂಟ್ರೋಲ್, ಹಾಕಿ ನೋಡಿ, ಅದೇ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಿದರೂ ಅಂಕಿ ಕದಲಲಿಲ್ಲ. ರಕ್ತದಲ್ಲಿ ಕೆಂಪುಕಣಗಳ ಪಾಲು, ಅಂದರೆ ಹೆಮಟೋಕ್ರಿಟ್, ಶೇ. 57 ಇತ್ತು, ಗಂಡಸರಲ್ಲಿ 40ಕ್ಕಿಂತ ಮೇಲಿರಬೇಕಾದ ಒಳ್ಳೆಯ ಕೊಲೆಸ್ಟ್ರಾಲ್, ಅಂದರೆ ಎಚ್‌ಡಿಎಲ್, ಕೇವಲ 14 ಇತ್ತು.

"ಅಕ್ಕಾ, ರಕ್ತ ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವಾ?" ಎಂದು ಆತ ನಗುತ್ತ ಕೇಳಿದ. ವೈದ್ಯರಿಗೆ ತೋರಿಸಿ ಎಂದಷ್ಟೇ ಹೇಳಿ ನಾನು ವರದಿ ಕೊಟ್ಟೆ. ಜಿಮ್ಮಿಗೆ ಹೋಗುವ ಮೈಕಟ್ಟು ಕಣ್ಣೆದುರೇ ಇದ್ದರೂ ಮೈ ಬೆಳೆಸುವ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಳ್ಳುತ್ತೀಯಾ ಎಂದು ಕೇಳಲು ಸಂಕೋಚಪಟ್ಟೆ. ನನ್ನ ತಪ್ಪು ಅದು.

ಆತ ಯಾವ ವೈದ್ಯರ ಬಳಿಗೂ ಹೋಗಲಿಲ್ಲ. ಒಂದು ವರ್ಷದ ಬಳಿಕ, ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಂದು ಮಂಗಳೂರಿನಲ್ಲಿ ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಿದಾಗ, ಶೇ. 55ರ ಆಸುಪಾಸಿನಲ್ಲಾದರೂ ಇರಬೇಕಾದ ಹೃದಯದ ಪಂಪಿಂಗ್ 35ಕ್ಕೆ ಇಳಿದಿತ್ತು. ಮೂರು ವರ್ಷಗಳಿಂದ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಚುಚ್ಚುಮದ್ದು ಮತ್ತು ಅದೇ ಬಗೆಯ ಸ್ಟಾನೊಜೊಲಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದುದನ್ನು ಆತ ಬಾಯಿಬಿಟ್ಟದ್ದು ಆಗಲೇ.

ಈ ಔಷಧಗಳು ತೋಳಿನ ಸ್ನಾಯುವನ್ನು ಮಾತ್ರ ಬೆಳೆಸಿ ಸುಮ್ಮನಾಗುವುದಿಲ್ಲ. ಹೃದಯದ ಗೋಡೆಯೂ ದಪ್ಪವಾಗಿ ಬಿಗಿಯುತ್ತದೆ, ಕ್ರಮೇಣ ಅದರ ಬಲ ಕುಂದುತ್ತದೆ; ಎಚ್‌ಡಿಎಲ್ ಕುಸಿದು ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಏರುವುದರಿಂದ ರಕ್ತನಾಳಗಳಲ್ಲಿ ಕೊಬ್ಬು ಬೇಗ ಕಟ್ಟುತ್ತದೆ; ಕೆಂಪು ರಕ್ತಕಣಗಳು ಮಿತಿಮೀರಿದರೆ ರಕ್ತ ಮಂದವಾಗಿ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಬಾಯಿಯ ಮೂಲಕ ತೆಗೆದುಕೊಳ್ಳುವ ಸ್ಟಾನೊಜೊಲಾಲ್‌ನಂಥ ಮಾತ್ರೆಗಳು ಯಕೃತ್ತಿಗೂ ಪೆಟ್ಟು ಕೊಡುತ್ತವೆ. ಇಲ್ಲಿ ನಮ್ಮ ಕೆಲಸದವರು ಎಚ್ಚರವಹಿಸಬೇಕಾದ ಒಂದು ಮಾತಿದೆ: ಯಕೃತ್ತಿನ ಪರೀಕ್ಷೆಯಲ್ಲಿ ನೋಡುವ ಎಎಸ್‌ಟಿ, ಎಎಲ್‌ಟಿ ಕಿಣ್ವಗಳೆರಡೂ ಭಾರ ಎತ್ತುವವರಲ್ಲಿ ಸ್ನಾಯುವಿನಿಂದಲೇ ಏರಿರಬಹುದಾದ್ದರಿಂದ, ಜೊತೆಗೆ ಸ್ನಾಯುವಿನಿಂದ ಏರದ ಜಿಜಿಟಿ ಎಂಬ ಕಿಣ್ವವನ್ನೂ ನೋಡಬೇಕು.

ಯುವಕರಿಗೆ ತಿಳಿಯದೆ ಉಳಿಯುವ ನಷ್ಟ ಇನ್ನೊಂದು. ಹೊರಗಿನಿಂದ ಹಾರ್ಮೋನು ಬರುತ್ತಿರುವಾಗ ಮೆದುಳಿನ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಕೆಲಸ ಹಚ್ಚುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಹಾರ್ಮೋನುಗಳನ್ನು ಕಳುಹಿಸುವುದನ್ನು ನಿಲ್ಲಿಸುತ್ತದೆ, ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು. ಇಂಜೆಕ್ಷನ್ ನಿಲ್ಲಿಸಿದ ಮಾತ್ರಕ್ಕೆ ಅವು ಮರಳುವುದಿಲ್ಲ. ಕೆಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಮೀರಿ ಬೇಕಾಗುತ್ತದೆ, ಆ ಅವಧಿಯಲ್ಲಿ ತೀವ್ರ ಖಿನ್ನತೆ ಕವಿಯುವುದೂ ಉಂಟು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಈ ಔಷಧ ಜಿಮ್ಮಿನ ಗೆಳೆಯರ ಕೈಯಿಂದ ಕೈಗೆ ದಾಟುವಾಗ ಇದನ್ನೆಲ್ಲ ಹೇಳುವವರು ಯಾರೂ ಇರುವುದಿಲ್ಲ.

ಈಗ ಯುವಕರ ವರದಿಯಲ್ಲಿ ಹಿಮೋಗ್ಲೋಬಿನ್ ಏರಿ ಎಚ್‌ಡಿಎಲ್ ಇಳಿದಿರುವುದು ಒಟ್ಟಿಗೆ ಕಂಡರೆ, ಅವರನ್ನು ಒಳಗೆ ಕರೆದು ಕೂರಿಸಿ, ಬಾಗಿಲು ಮುಚ್ಚಿ ಕೇಳುತ್ತೇನೆ. ಸ್ಟೀರಾಯ್ಡ್ ಎಂಬ ಪದ ಕೇಳಿದರೆ ಹುಡುಗರು ಬೆದರುತ್ತಾರೆ, "ಪ್ರೋಟೀನ್ ಪುಡಿಯ ಜೊತೆಗೆ ಇಂಜೆಕ್ಷನ್ ಏನಾದರೂ ಉಂಟಾ?" ಎಂದರೆ ಹೆಚ್ಚಿನವರು ಹೇಳಿಬಿಡುತ್ತಾರೆ. ಅನಂತರ ವೈದ್ಯರಿಗೆ ನಾನೇ ಫೋನ್ ಮಾಡುತ್ತೇನೆ.

ಆ ಮೊದಲ ಯುವಕ ಗಲ್ಫಿಗೆ ಹೋಗಲಿಲ್ಲ. ಔಷಧೋಪಚಾರದಿಂದ ಆತನ ಪಂಪಿಂಗ್ 45ಕ್ಕೆ ಏರಿದೆ. ಎಲ್‌ಎಚ್ ಇನ್ನೂ ಕಡಿಮೆಯೇ ಇದೆ. ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷೆಗೆ ರಕ್ತ ಕೊಡಲು ಬರುತ್ತಾನೆ.